ಓಲೆಗರಿ ಕಾಯುವ ಕೈಗೂ ಒಂದು ಹಾರ ಬೀಳಲಿ

ಕನ್ನಡದ ತರುಣ ತರುಣಿಯರೇ,

ನವೆಂಬರ್ ಬಂತೆಂದರೆ ಊರಿನ ಬೀದಿ ಬೀದಿಯಲ್ಲೂ ಶಾಮಿಯಾನ ಏಳುತ್ತದೆ. ಅರಿಶಿನ ಕುಂಕುಮದ ಬಾವುಟ ಹಾರುತ್ತದೆ. ವೇದಿಕೆಯ ಮೇಲೆ ಸಾಲು ಕುರ್ಚಿ. ನಟರು ಬರುತ್ತಾರೆ, ಶಾಸಕರು ಬರುತ್ತಾರೆ, ಸೈಟು ಮಾರುವ ಧಣಿಗಳು ಬರುತ್ತಾರೆ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. 'ಕನ್ನಡಕ್ಕಾಗಿ ದುಡಿದ ಮಹನೀಯರು' ಎಂದು ನಿರೂಪಕ ಮೈಕಿನಲ್ಲಿ ಕೂಗುತ್ತಾನೆ. ನೀವು ಚಪ್ಪಾಳೆ ತಟ್ಟುತ್ತೀರಿ.

ತಟ್ಟಿ, ಬೇಡವೆನ್ನುವುದಿಲ್ಲ. ಆದರೆ ಒಂದು ಪ್ರಶ್ನೆಗೆ ಉತ್ತರ ಕೊಡಿ. ಆ ಸಾಲಿನಲ್ಲಿ ಯಾವತ್ತಾದರೂ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಓಲೆಗರಿ ಕಾಯುವ ಮನುಷ್ಯನನ್ನು ಕಂಡಿದ್ದೀರಾ? ಅವನ ಹೆಸರು ಕೇಳಿದ್ದೀರಾ? ಅವನು ಬೇಡ, ಅಂಥದೊಂದು ಕೆಲಸ ಇದೆಯೆಂದಾದರೂ ನಿಮಗೆ ಯಾರಾದರೂ ಹೇಳಿದ್ದಾರಾ?

ಇಂಗ್ಲಿಷಿನಲ್ಲಿ ಇವರನ್ನು ಆರ್ಕೈವಿಸ್ಟ್ ಎನ್ನುತ್ತಾರೆ. ನಾವು ದಾಖಲೆಪಾಲಕ ಎನ್ನೋಣ. ಹಸ್ತಪ್ರತಿ, ಹಳೆಯ ಕಾಗದ, ಪತ್ರ, ಕರಪತ್ರ, ಶಾಸನದ ಅಚ್ಚು ಇವೆಲ್ಲವನ್ನೂ ಹುಡುಕಿ ತಂದು, ಗುರುತಿಸಿ, ಪಟ್ಟಿ ಮಾಡಿ, ಹುಳ ಹಿಡಿಯದಂತೆ ನೋಡಿಕೊಂಡು, ಕೇಳಿದವರ ಮುಂದೆ ಇಡುವವನು ಅವನು. ಈ ಕೆಲಸಕ್ಕೆ ಹೊಸದಾಗಿ ಸೇರಿ, ಸೇರಿದ ಕೆಲವೇ ವರ್ಷಗಳಲ್ಲಿ ಮೈಮುರಿದು ದುಡಿದು ಏನನ್ನಾದರೂ ಸಾಧಿಸಿ ತೋರಿಸಿದ ಒಬ್ಬ ಯುವಕನನ್ನೋ ಯುವತಿಯನ್ನೋ ನಮ್ಮ ಒಂದೊಂದು ವಿಶ್ವವಿದ್ಯಾಲಯವೂ ವರ್ಷಕ್ಕೊಮ್ಮೆ ಗುರುತಿಸಿ ಗೌರವಿಸಬೇಕು. ಈ ಸಂಚಿಕೆಯಲ್ಲಿ ನಮ್ಮ ಹಕ್ಕೊತ್ತಾಯ ಇದೊಂದೇ.

'ಕಾವೇರಿ ಬಿಟ್ಟು, ನಾಮಫಲಕ ಬಿಟ್ಟು, ಕನ್ನಡಿಗರಿಗೆ ಉದ್ಯೋಗ ಬಿಟ್ಟು, ಇದೇನು ಹುಳ ತಿಂದ ಗರಿಯ ಪುರಾಣ?' ಎಂದು ನಿಮ್ಮಲ್ಲಿ ಕೆಲವರು ಮೂಗು ಮುರಿಯಬಹುದು. ಪೂರ್ತಿ ಓದಿ, ಆಮೇಲೆ ಮುರಿಯಿರಿ.

ಮೊದಲು ಮೈಸೂರಿಗೆ ಹೋಗೋಣ. ೧೮೯೧ರಲ್ಲಿ ಮೈಸೂರು ಸರ್ಕಾರ ಅಲ್ಲಿ ಒಂದು ಓರಿಯಂಟಲ್ ಲೈಬ್ರರಿ ತೆರೆಯಿತು. ಹಳ್ಳಿಹಳ್ಳಿಗಳ ಮಠ, ಮನೆ, ಬಸದಿಗಳಲ್ಲಿ ಗೆದ್ದಲಿಗೆ ಆಹಾರವಾಗುತ್ತಿದ್ದ ಓಲೆಗರಿಗಳನ್ನು ಒಂದು ಕಡೆ ತಂದಿಡುವುದು ಅದರ ಉದ್ದೇಶ. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ಈ ಲೈಬ್ರರಿ ಅದರ ಮಡಿಲಿಗೆ ಸೇರಿತು. ಇವತ್ತು ಪ್ರಾಚ್ಯವಿದ್ಯಾ ಸಂಶೋಧನಾಲಯ ಎಂದು ಕರೆಯುವುದು ಅದನ್ನೇ. ಕೃಷ್ಣರಾಜ ಬುಲೆವಾರ್ಡಿನ ಆ ಹಳೆಯ ಕಟ್ಟಡದ ಮುಂದೆ ಎಷ್ಟೋ ಸಲ ಬೈಕಿನಲ್ಲಿ ಹಾದುಹೋಗಿರುತ್ತೀರಿ. ಒಳಗೆ ಹೋದವರು ಎಷ್ಟು ಜನ?

ಆ ಲೈಬ್ರರಿಯಲ್ಲಿ ಗ್ರಂಥಪಾಲಕರಾಗಿದ್ದವರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. ಹಾಸನ ಜಿಲ್ಲೆ ಅರಕಲಗೂಡು ತಾಲೂಕಿನಲ್ಲಿ, ಕಾವೇರಿ ದಂಡೆಯಲ್ಲಿರುವ ಊರು ರುದ್ರಪಟ್ಟಣ. ೧೮೬೮ರಲ್ಲಿ ಹುಟ್ಟಿದವರು. ದೊಡ್ಡ ಅಧಿಕಾರವಿಲ್ಲ, ಜಹಗೀರು ಇಲ್ಲ. ಬಂದ ಕಟ್ಟುಗಳನ್ನು ಬಿಚ್ಚುವುದು, ಓದುವುದು, ಏನೆಂದು ಬರೆದಿಡುವುದು ಅವರ ಕೆಲಸ. ತಂಜಾವೂರು ಜಿಲ್ಲೆಯ ಒಬ್ಬ ಪಂಡಿತ ತಂದುಕೊಟ್ಟ ಒಂದು ಕಟ್ಟು ಅವರ ಕೈ ಸೇರಿತು. ಗ್ರಂಥ ಲಿಪಿಯಲ್ಲಿ ಬರೆದ ಓಲೆಗರಿ. ಆ ಪಂಡಿತನ ಹೆಸರು ಚರಿತ್ರೆಯಲ್ಲಿ ಉಳಿಯಲಿಲ್ಲ. ಶಾಸ್ತ್ರಿಗಳು ಕೂತು ಓದಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ!

ಇದರ ತೂಕ ಎಷ್ಟೆಂದು ಸ್ವಲ್ಪ ತಿಳಿಯಿರಿ. ಅಲ್ಲಿಯವರೆಗೆ ಆ ಗ್ರಂಥದ ಹೆಸರು ಮಾತ್ರ ಲೋಕಕ್ಕೆ ಗೊತ್ತಿತ್ತು. ದಂಡಿ ಹೇಳಿದ್ದಾನೆ, ಬಾಣ ಹೇಳಿದ್ದಾನೆ ಎಂದು ವಿದ್ವಾಂಸರು ಉಲ್ಲೇಖಗಳನ್ನು ಜೋಡಿಸುತ್ತಿದ್ದರು. ಗ್ರಂಥ ಮಾತ್ರ ಕಳೆದುಹೋಗಿತ್ತು. ಹದಿನೈದು ಅಧಿಕರಣಗಳ, ನೂರೈವತ್ತು ಅಧ್ಯಾಯಗಳ ಆ ಗ್ರಂಥ ಮೈಸೂರಿನ ಒಂದು ಕಪಾಟಿನಲ್ಲಿ ಸಿಕ್ಕಿತು. ೧೯೦೫ರಿಂದಲೇ ಶಾಸ್ತ್ರಿಗಳು ಭಾಗಭಾಗವಾಗಿ ಇಂಗ್ಲಿಷಿಗೆ ಅನುವಾದಿಸಿ ಲೋಕಕ್ಕೆ ಸುದ್ದಿ ಮುಟ್ಟಿಸಿದರು. ೧೯೦೯ರಲ್ಲಿ ಮೂಲವನ್ನು ಸಂಪಾದಿಸಿ ಮೈಸೂರಿನಿಂದಲೇ ಅಚ್ಚು ಹಾಕಿಸಿದರು. ೧೯೧೫ರಲ್ಲಿ ಪೂರ್ತಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. 'ಇಂಡಿಯಾದವರಿಗೆ ವೇದಾಂತ ಗೊತ್ತು, ರಾಜ್ಯ ಆಳುವುದು ಗೊತ್ತಿಲ್ಲ' ಎಂದು ಬೀಗುತ್ತಿದ್ದ ಬಿಳಿಯ ಪಂಡಿತರ ಬಾಯಿಗೆ ಬೀಗ ಬಿತ್ತು. ಹಾಕಿದವರು ಒಬ್ಬ ಗ್ರಂಥಪಾಲಕ!

ಗಮನಿಸಿ, ಕಟ್ಟು ಸಿಕ್ಕಿದ್ದಷ್ಟೇ ಅಲ್ಲ ಇಲ್ಲಿನ ಕಥೆ. ಕಟ್ಟು ಯಾರಿಗೆ ಬೇಕಾದರೂ ಸಿಗಬಹುದಿತ್ತು. ಗ್ರಂಥ ಲಿಪಿ ಓದಲು ಬಾರದವನ ಕೈಗೆ ಸಿಕ್ಕಿದ್ದರೆ 'ಯಾವುದೋ ಶಾಸ್ತ್ರ, ಅಸಮಗ್ರ' ಎಂದು ಚೀಟಿ ಅಂಟಿಸಿ ಮೇಲಿನ ಹಲಗೆಗೆ ತಳ್ಳುತ್ತಿದ್ದ. ಓದಲು ಬರುವ, ಓದಿದ್ದು ಏನೆಂದು ಗೊತ್ತಾಗುವ, ಗೊತ್ತಾದದ್ದನ್ನು ಹೊರಗೆ ತರುವ ಹಟವಿರುವ ಮನುಷ್ಯ ಸರಿಯಾದ ಕುರ್ಚಿಯಲ್ಲಿ ಕೂತಿದ್ದ. ಅದೇ ವ್ಯತ್ಯಾಸ. ಆಗ ಶಾಸ್ತ್ರಿಗಳ ವಯಸ್ಸು ಮೂವತ್ತೇಳರ ಆಸುಪಾಸು.

ಆ ಕಾಲದವರು ಅವರನ್ನು ಗುರುತಿಸಿದರು. ಮೈಸೂರು ಮಹಾರಾಜರು ಅರ್ಥಶಾಸ್ತ್ರ ವಿಶಾರದ ಎಂಬ ಬಿರುದು ಕೊಟ್ಟರು. ಕಲ್ಕತ್ತಾ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು. ಸರ್ಕಾರದಿಂದ ಮಹಾಮಹೋಪಾಧ್ಯಾಯ ಎಂಬ ಪದವಿ ಬಂತು. ಮುಂದೆ ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರೂ ಆದರು. ನಾಲ್ವಡಿ ಕೃಷ್ಣರಾಜ ಒಡೆಯರು ಜರ್ಮನಿಗೆ ಹೋದಾಗ 'ಶಾಮಶಾಸ್ತ್ರಿಗಳ ಮೈಸೂರಿನವರೋ?' ಎಂದು ಅಲ್ಲಿನವರು ಕೇಳಿದರಂತೆ ಎಂಬ ಕಥೆಯನ್ನು ಮೈಸೂರಿನ ಹಿರಿಯರು ಇವತ್ತಿಗೂ ಹೇಳುತ್ತಾರೆ. ಕಥೆ ನಡೆದದ್ದೋ ಕಟ್ಟಿದ್ದೋ, ರಾಜನಿಗಿಂತ ಗ್ರಂಥಪಾಲಕ ದೊಡ್ಡವನೆಂದು ಒಪ್ಪುವ ದೊಡ್ಡತನ ಆ ಊರಿಗೆ ಇತ್ತೆಂಬುದಂತೂ ಅದರಿಂದ ತಿಳಿಯುತ್ತದೆ. ೧೯೪೪ರಲ್ಲಿ ಶಾಸ್ತ್ರಿಗಳು ತೀರಿಕೊಂಡರು. ಇವತ್ತು ಬೆಂಗಳೂರಿನ ಯಾವುದಾದರೂ ಕಾಲೇಜಿನ ಗೇಟಿನ ಮುಂದೆ ನಿಂತು ಹತ್ತು ಹುಡುಗರನ್ನು ಕೇಳಿ, ಶಾಮಶಾಸ್ತ್ರಿ ಯಾರು ಎಂದು. ಚಾಣಕ್ಯನ ಹೆಸರು ಎಲ್ಲರಿಗೂ ಗೊತ್ತು. ಚಾಣಕ್ಯನ ಪುಸ್ತಕ ಉಳಿಸಿಕೊಟ್ಟ ಕನ್ನಡಿಗನ ಹೆಸರು?

'ಅದು ಸಂಸ್ಕೃತ ಗ್ರಂಥ, ಕನ್ನಡಕ್ಕೇನು ಬಂತು?' ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರವೂ ಇದೆ. ಕನ್ನಡದ್ದೂ ಇದೇ ದಾರಿಯಲ್ಲಿ ಉಳಿದದ್ದು. ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ಗದ್ಯಕೃತಿ ವಡ್ಡಾರಾಧನೆ ಪುಸ್ತಕವಾಗಿ ನಿಮ್ಮ ಕೈಗೆ ಬಂದದ್ದು ೧೯೪೯ರಲ್ಲಿ. ಸಾವಿರ ವರ್ಷದ ಹಿಂದಿನ ಪುಸ್ತಕ, ಸ್ವಾತಂತ್ರ್ಯ ಬಂದು ಎರಡು ವರ್ಷವಾದ ಮೇಲೆ! ಡಿ.ಎಲ್. ನರಸಿಂಹಾಚಾರ್ಯರು ಓಲೆಗರಿಗಳನ್ನು ಮುಂದಿಟ್ಟುಕೊಂಡು, ಪಾಠ ಹೋಲಿಸಿ, ತಪ್ಪು ತಿದ್ದಿ ಸಂಪಾದಿಸಿಕೊಟ್ಟರು. ಬಸವಣ್ಣ, ಅಲ್ಲಮ, ಅಕ್ಕನ ವಚನಗಳನ್ನು ನೀವು ವಾಟ್ಸಾಪಿನಲ್ಲಿ ಹಂಚುತ್ತೀರಲ್ಲ, ಅವು ಎಲ್ಲಿಂದ ಬಂದವು? ಬಿಜಾಪುರದ ವಕೀಲ ಫ.ಗು. ಹಳಕಟ್ಟಿಯವರು ಮಠ ಮನೆಗಳನ್ನು ತಿರುಗಿ ಗರಿಗಳನ್ನು ಕಲೆಹಾಕಿ ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ತಂದರು. ವಕೀಲಿಯ ಗಳಿಕೆಯನ್ನೂ ಸ್ವಂತ ಮನೆಯನ್ನೂ ಇದಕ್ಕೇ ಸುರಿದರು. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆ ೧೯೦೭, ೧೯೧೯, ೧೯೨೯ರಲ್ಲಿ ಮೂರು ಸಂಪುಟವಾಗಿ ಬಂತಲ್ಲ, ಅದರ ಅಡಿಪಾಯವೂ ಈ ಗರಿಗಳೇ.

ಇವರಲ್ಲಿ ಎಲ್ಲರೂ ಗ್ರಂಥಾಲಯದ ನೌಕರರಲ್ಲ, ನಿಜ. ಆದರೆ ಮಾಡಿದ್ದು ದಾಖಲೆಪಾಲಕನ ಕೆಲಸವನ್ನೇ. ಹಳಕಟ್ಟಿಯವರು ಅದನ್ನು ಸ್ವಂತ ಖರ್ಚಿನಲ್ಲಿ ಮಾಡಬೇಕಾಯಿತು. ಆಗ ನಮಗೆ ಒಂದು ರಾಜ್ಯವಿರಲಿಲ್ಲ. ಈಗ ರಾಜ್ಯವಿದೆ, ವಿಧಾನಸೌಧವಿದೆ, ವಿಶ್ವವಿದ್ಯಾಲಯಗಳ ಸಾಲೇ ಇದೆ. ಈಗಲೂ ಯಾರಾದರೂ ಮನೆ ಮಾರಿಕೊಳ್ಳಲೆಂದು ಕಾಯುವುದು ಯಾವ ನ್ಯಾಯ?

ಇನ್ನು ನಿಮ್ಮ ಹೋರಾಟದ ವಿಷಯಕ್ಕೇ ಬರೋಣ. ೨೦೦೪ರಲ್ಲಿ ತಮಿಳಿಗೆ ಶಾಸ್ತ್ರೀಯ ಸ್ಥಾನ ಸಿಕ್ಕಿತು. ಕನ್ನಡಕ್ಕೆ ಸಿಗಲು ೨೦೦೮ರ ಅಕ್ಟೋಬರ್ ೩೧ರವರೆಗೆ ಕಾಯಬೇಕಾಯಿತು. ಆ ನಡುವೆ ಬೀದಿಯಲ್ಲಿ ಕೂಗಿದ್ದೇವೆ, ಧರಣಿ ಕೂತಿದ್ದೇವೆ. ಕೂಗು ಬೇಕಿತ್ತು. ಆದರೆ ದೆಹಲಿಯ ಮೇಜಿನ ಮೇಲೆ ಕೂಗನ್ನು ಇಡಲಾಗುವುದಿಲ್ಲ, ದಾಖಲೆ ಇಡಬೇಕು. ಸಾವಿರದೈನೂರು ವರ್ಷದ ಹಳಮೆ ತೋರಿಸಿ ಎಂದರು. ಬೇಲೂರು ತಾಲೂಕಿನ ಹಲ್ಮಿಡಿಯಲ್ಲಿ ೧೯೩೬ರಲ್ಲಿ ಎಂ.ಎಚ್. ಕೃಷ್ಣ ಅವರು ಗುರುತಿಸಿದ, ಸುಮಾರು ಕ್ರಿ.ಶ. ೪೫೦ರ ಕಲ್ಲು ನಮ್ಮ ಪರವಾಗಿ ಮಾತಾಡಿತು. ಕೆ.ಬಿ. ಪಾಠಕ್ ಅವರು ೧೮೯೮ರಲ್ಲಿ ಅಚ್ಚು ಹಾಕಿಸಿದ, ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಮಾತಾಡಿತು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡು ಎಂದು ನೀವು ಭಾಷಣದಲ್ಲಿ ಗುಡುಗುತ್ತೀರಲ್ಲ, ಅದಕ್ಕೆ ಸಾಕ್ಷಿ ಇರುವುದು ಆ ಪುಸ್ತಕದಲ್ಲಿ. ಅದರ ಗರಿಗಳನ್ನು ಯಾರೂ ಕಾಯದಿದ್ದರೆ ನಿಮ್ಮ ಗುಡುಗಿಗೆ ಬೆಲೆ ಏನು?

ಸ್ಥಾನ ಸಿಕ್ಕ ಮೇಲೂ ಅದನ್ನು ಮದ್ರಾಸ್ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಆ ತಕರಾರು ೨೦೧೬ರವರೆಗೆ ಎಳೆಯಿತು. ಕೊನೆಗೆ ಕನ್ನಡದ ಸ್ಥಾನ ಉಳಿಯಿತು. ನಾಳೆ ಇನ್ನೊಬ್ಬ ಬರುತ್ತಾನೆ, ಇನ್ನೊಂದು ತಕರಾರು ತರುತ್ತಾನೆ. ಆಗ ಮೈಕ್ ಹಿಡಿದವನು ಸಾಲುವುದಿಲ್ಲ. ಗರಿ ಹಿಡಿದವನು ಬೇಕು.

ಬೆಂಗಳೂರು ಯಾರದು ಎಂಬ ಪ್ರಶ್ನೆ ದಿನ ಬೆಳಗಾದರೆ ಏಳುತ್ತದೆ. 'ಇದು ಬ್ರಿಟಿಷರು ಕಟ್ಟಿದ ಊರು, ಎಲ್ಲರದೂ' ಎನ್ನುವ ಮಹಾನುಭಾವರು ನಿಮ್ಮ ಆಫೀಸಿನಲ್ಲೇ ಇದ್ದಾರೆ. ಅವರಿಗೆ ಬೈಗುಳ ಬೇಡ. ಬೇಗೂರಿನ ನಾಗೇಶ್ವರ ದೇವಾಲಯಕ್ಕೆ ಕರೆದುಕೊಂಡು ಹೋಗಿ. ಸುಮಾರು ಕ್ರಿ.ಶ. ೮೯೦ರ ವೀರಗಲ್ಲು ಅಲ್ಲಿದೆ. ಬೆಂಗಳೂರು ಕಾಳಗದಲ್ಲಿ ಸತ್ತವನ ನೆನಪಿಗೆ ನಿಲ್ಲಿಸಿದ್ದು. ಭಾಷೆ ಕನ್ನಡ. ಊರಿನ ಹೆಸರು ಬೆಂಗಳೂರು. ಬ್ರಿಟಿಷರು ಹಡಗು ಹತ್ತುವುದಕ್ಕೆ ಏಳುನೂರು ವರ್ಷ ಮೊದಲು! ಇದನ್ನು ಹುಡುಕಿ, ಓದಿ, ಅಚ್ಚು ತೆಗೆದು, ಪುಸ್ತಕದಲ್ಲಿ ದಾಖಲಿಸಿ, ಆ ಪುಸ್ತಕವನ್ನು ಗ್ರಂಥಾಲಯದಲ್ಲಿ ಜೋಪಾನ ಮಾಡಿದ್ದರಿಂದ ತಾನೆ ಇವತ್ತು ನೀವು ಎದೆಯುಬ್ಬಿಸಿ ಹೇಳಬಲ್ಲಿರಿ?

ಈಗ ಆ ಕೆಲಸ ಎಂಥದೆಂದು ಹೇಳುತ್ತೇವೆ. ಕಪಾಟಿಗೆ ಬೀಗ ಹಾಕಿ ಕೂರುವ ಕಾವಲುಗಾರನ ಕೆಲಸ ಎಂದು ತಿಳಿಯಬೇಡಿ. ತಾಳೆಗರಿಯ ಮೇಲೆ ಬರೆದದ್ದು ಮಸಿಯಿಂದಲ್ಲ, ಕಬ್ಬಿಣದ ಕಂಟದಿಂದ ಕೊರೆದದ್ದು. ಕಾಡಿಗೆ ಹಚ್ಚಿದರೆ ಮಾತ್ರ ಅಕ್ಷರ ಕಾಣುತ್ತದೆ. ಗರಿ ಒಣಗಿದರೆ ಮುರಿಯುತ್ತದೆ, ತೇವವಾದರೆ ಬೂಸಲು ಹಿಡಿಯುತ್ತದೆ, ಅದಕ್ಕೇ ಹುಲ್ಲಿನ ಎಣ್ಣೆ ಸವರಬೇಕು. ದಾರ ಬಿಗಿಯಾದರೆ ತೂತು ಹರಿಯುತ್ತದೆ, ಸಡಿಲವಾದರೆ ಗರಿಗಳು ಕಲಸಿಹೋಗುತ್ತವೆ. ಹಳಗನ್ನಡ ಬರಬೇಕು. ತಿಗಳಾರಿ, ನಂದಿನಾಗರಿ, ಗ್ರಂಥ, ಮೋಡಿ ಲಿಪಿ ಬಂದರೆ ಇನ್ನೂ ಒಳ್ಳೆಯದು. ಒಂದು ಕಟ್ಟಿನೊಳಗೆ ಮೂರು ಕೃತಿ ಇರಬಹುದು, ಒಂದೇ ಕೃತಿ ಮೂರು ಕಟ್ಟಿನಲ್ಲಿ ಹಂಚಿಹೋಗಿರಬಹುದು. ಗರಿ ಎಷ್ಟು, ಸಾಲು ಎಷ್ಟು, ಆದಿ ಏನು, ಅಂತ್ಯ ಏನು, ಬರೆದವನು ಯಾರು, ಬರೆಸಿದವನು ಯಾರು, ಯಾವ ಸಂವತ್ಸರ ಎಂದು ಒಂದೊಂದನ್ನೂ ಪಟ್ಟಿ ಮಾಡಬೇಕು. ಪಟ್ಟಿಯಲ್ಲಿ ಇಲ್ಲದ ಗರಿ ಇದ್ದೂ ಇಲ್ಲದಂತೆ. ತಪ್ಪು ಪಟ್ಟಿಯಾದ ಗರಿಯನ್ನು ನೂರು ವರ್ಷ ಯಾರೂ ಹುಡುಕುವುದಿಲ್ಲ.

ಈ ಕೆಲಸ ಕಲಿಯಲು ವರ್ಷಗಳು ಬೇಕು. ಹಿರಿಯನೊಬ್ಬನ ಪಕ್ಕದಲ್ಲಿ ಕೂತು ಕಲಿಯಬೇಕು. ಹಿರಿಯ ನಿವೃತ್ತನಾಗುವ ಮೊದಲೇ ಕಿರಿಯ ಸೇರಿರಬೇಕು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಖಾಲಿ ಬಿದ್ದ ಹುದ್ದೆಗಳ ಸುದ್ದಿ, ಅತಿಥಿಗಳೆಂಬ ಹೆಸರಿನಲ್ಲಿ ವರ್ಷಗಟ್ಟಲೆ ದುಡಿಯುವವರ ಸುದ್ದಿ ನೀವು ಪತ್ರಿಕೆಯಲ್ಲಿ ಓದುತ್ತಲೇ ಇದ್ದೀರಿ. ಪಾಠ ಹೇಳುವವರ ಹುದ್ದೆಗೇ ಈ ಗತಿ ಬಂದಾಗ ಗರಿ ಓದುವವನ ಹುದ್ದೆಯನ್ನು ಕೇಳುವವರು ಯಾರು? ಹಿರಿಯ ಹೊರಟುಹೋದ, ಕಿರಿಯ ಬರಲಿಲ್ಲ ಎಂದರೆ ಸರಪಳಿಯ ಒಂದು ಕೊಂಡಿ ಕಳಚಿತು. ಕಳಚಿದ ಕೊಂಡಿಯನ್ನು ಯಾವ ಸರ್ಕಾರಿ ಆದೇಶವೂ ಬೆಸೆಯಲಾರದು. ಇದಕ್ಕೇ ನಾವು 'ಹೊಸಬರನ್ನು' ಗುರುತಿಸಿ ಎನ್ನುತ್ತಿರುವುದು. ನಿವೃತ್ತಿಯ ದಿನ ಶಾಲು ಹೊದಿಸುವುದು ನಮಗೆ ಚೆನ್ನಾಗಿ ಬರುತ್ತದೆ. ಕೆಲಸಕ್ಕೆ ಸೇರಿದ ಮೂರನೆಯ ವರ್ಷದಲ್ಲಿ ಬೆನ್ನು ತಟ್ಟುವುದನ್ನು ಕಲಿಯಬೇಕಾಗಿದೆ. ಆ ವಯಸ್ಸಿನಲ್ಲೇ ಅಲ್ಲವೇ 'ಇದಕ್ಕಿಂತ ಬ್ಯಾಂಕ್ ಪರೀಕ್ಷೆ ಬರೆಯೋಣ' ಎಂದು ಬುದ್ಧಿವಂತರು ಬಿಟ್ಟುಹೋಗುವುದು?

ಉದ್ಯೋಗದ ಮಾತನ್ನೂ ಆಡಿಬಿಡೋಣ. ಸರೋಜಿನಿ ಮಹಿಷಿ ವರದಿ ೧೯೮೬ರಲ್ಲಿ ಬಂದಾಗಿನಿಂದ ಕನ್ನಡಿಗರಿಗೆ ಕೆಲಸ ಕೊಡಿ ಎಂದು ಕಂಪನಿಗಳ ಬಾಗಿಲು ಬಡಿಯುತ್ತಿದ್ದೇವೆ. ಬಡಿಯುತ್ತಲೇ ಇರೋಣ. ಆದರೆ ಕನ್ನಡ ಬಲ್ಲವನನ್ನು ಬಿಟ್ಟು ಬೇರೆ ಯಾರೂ ಮಾಡಲಾಗದ ಕೆಲಸ ಒಂದಿದೆ. ಹಳಗನ್ನಡದ ಗರಿಯನ್ನು ಓದಲು ಯಾವ ಹೊರ ರಾಜ್ಯದಿಂದಲೂ ರೈಲು ತುಂಬ ಜನ ಬರುವುದಿಲ್ಲ. ಅಂಥ ಹುದ್ದೆಗಳನ್ನು ಕೊಡಬೇಕಾದದ್ದು ಪರದೇಶಿ ಕಂಪನಿಯಲ್ಲ, ನಮ್ಮದೇ ಸರ್ಕಾರ, ನಮ್ಮದೇ ವಿಶ್ವವಿದ್ಯಾಲಯ. ನಮ್ಮವರೇ ತುಂಬದ ಕುರ್ಚಿಗೆ ಯಾರ ಮೇಲೆ ಹಾರಾಡುವುದು?

ಪಕ್ಕದ ಮನೆಯವರನ್ನು ನೋಡಿ ಕಲಿಯುವುದು ಅವಮಾನವಲ್ಲ. ಚೆಟ್ಟಿನಾಡಿನ ಕೋಟ್ಟೈಯೂರಿನಲ್ಲಿ ರೋಜಾ ಮುತ್ತಯ್ಯ ಚೆಟ್ಟಿಯಾರ್ ಎಂಬುವರಿದ್ದರು. ಬೋರ್ಡು ಬರೆಯುವ ಕಲಾವಿದ. ತಮಿಳು ಪುಸ್ತಕ, ಪತ್ರಿಕೆ, ನಾಟಕದ ನೋಟೀಸು, ಸಿನಿಮಾ ಹಾಡಿನ ಪುಸ್ತಿಕೆ, ಕರಪತ್ರ, ಸಿಕ್ಕಿದ್ದನ್ನೆಲ್ಲ ಜೀವಮಾನವಿಡೀ ಕೂಡಿಟ್ಟರು. ೧೯೯೨ರಲ್ಲಿ ಅವರು ತೀರಿಕೊಂಡಾಗ ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯ ಆ ಸಂಗ್ರಹವನ್ನು ಕೊಂಡಿತು. ಕೊಂಡು ಹಡಗಿಗೆ ಹಾಕಲಿಲ್ಲ, ಚೆನ್ನೈಯಲ್ಲೇ ಗ್ರಂಥಾಲಯ ಮಾಡಿತು. ಇವತ್ತು ತಮಿಳು ಸಂಶೋಧಕ ಎಂದರೆ ಮೊದಲು ಹೋಗುವ ಜಾಗಗಳಲ್ಲಿ ಅದೊಂದು. ಒಬ್ಬ ಬೋರ್ಡು ಬರೆಯುವವನಿಂದ! ನಾವು ಬೋರ್ಡಿನ ಮೇಲಿನ ಕನ್ನಡಕ್ಕಾಗಿ ಬಡಿದಾಡುತ್ತೇವೆ, ಅದೂ ಸರಿ. ಬೋರ್ಡಿನ ಹಿಂದಿನ ಕನ್ನಡ?

ಇನ್ನೊಂದು ಸಂಗತಿ. ಕೇಂದ್ರ ಸರ್ಕಾರದ ಶಾಸನ ವಿಭಾಗದ ಕಚೇರಿ ಮೈಸೂರಿನಲ್ಲಿದೆ. ದೇಶದ ನಾನಾ ಭಾಷೆಗಳ ಶಾಸನಗಳ ಕಾಗದದ ಅಚ್ಚುಗಳು ಅಲ್ಲಿದ್ದವು. ತಮಿಳು ಅಚ್ಚುಗಳು ಹಾಳಾಗುತ್ತಿವೆ ಎಂದು ತಮಿಳರು ಕೋರ್ಟಿಗೆ ಹೋದರು. ಅವನ್ನು ಚೆನ್ನೈಗೆ ಸಾಗಿಸಬೇಕೆಂದು ೨೦೨೧ರ ಆಗಸ್ಟಿನಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಆದೇಶಿಸಿತು. ಈ ಸುದ್ದಿ ಓದಿ ತಮಿಳರ ಮೇಲೆ ಸಿಟ್ಟಾಗಬೇಡಿ. ನಾಚಿಕೊಳ್ಳಿ! ಕಾಗದದ ಅಚ್ಚಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುವ ಜನ ಅವರು. ನಮ್ಮ ಕೈಫಿಯತ್ತುಗಳ ಕಥೆ ಗೊತ್ತೇ? ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆ ಅಳೆಯಲು ಬಂದ ಕರ್ನಲ್ ಮೆಕೆಂಜಿ ಊರೂರಿನ ಚರಿತ್ರೆಯನ್ನು ಬರೆಸಿ, ಹಸ್ತಪ್ರತಿ ಕೂಡಿಸಿ ಒಯ್ದ. ಅವು ಲಂಡನ್ನಿಗೂ ಚೆನ್ನೈಗೂ ಹಂಚಿಹೋದವು. ಅವುಗಳಲ್ಲಿ ಕನ್ನಡದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ ೧೯೯೪ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಪ್ರಕಟಿಸಿದರು. ನಮ್ಮ ಊರಿನ ಚರಿತ್ರೆ ಓದಲು ನಾವು ಎರಡು ಶತಮಾನ ಕಾದೆವು.

'ಈಗ ಎಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕುತ್ತಾರಲ್ಲ, ಮನುಷ್ಯ ಏಕೆ?' ಎಂದು ಐಟಿಯಲ್ಲಿರುವ ಗೆಳೆಯರು ಕೇಳುತ್ತಾರೆ. ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ೨೦೦೩ರಲ್ಲೇ ಶುರುವಾಯಿತು. ೨೦೨೫ರ ಬಜೆಟ್ಟಿನಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಹೊಸ ಅಭಿಯಾನವನ್ನು ಕೇಂದ್ರ ಘೋಷಿಸಿತು. ಒಳ್ಳೆಯದೇ. ಆದರೆ ಯಂತ್ರಕ್ಕೆ ಚಿತ್ರ ಹಿಡಿಯುವುದು ಗೊತ್ತು. ಯಾವ ಗರಿ ಯಾವ ಕಟ್ಟಿನದು, ತಲೆಕೆಳಗಾಗಿದೆಯೋ ನೆಟ್ಟಗಿದೆಯೋ, ಇದು ಪಂಪನದೋ ಪಂಪನ ಹೆಸರಿನಲ್ಲಿ ಇನ್ನಾರೋ ಬರೆದದ್ದೋ ಎಂದು ಹೇಳಬೇಕಾದವನು ಓದಬಲ್ಲ ಮನುಷ್ಯ. ಯಂತ್ರಕ್ಕೆ ಹಳಗನ್ನಡ ಕಲಿಸಬೇಕೆಂದರೂ ಮೊದಲು ಅವನೇ ಕೂತು ಓದಿಕೊಡಬೇಕು. ಹೆಸರು ಹಾಕದ ಹತ್ತು ಸಾವಿರ ಚಿತ್ರಗಳ ಹಾರ್ಡ್ ಡಿಸ್ಕ್ ಕೂಡ ಒಂದು ಕತ್ತಲೆ ಕಪಾಟೇ.

ದಾಖಲೆ ಎಂದರೆ ತಾಳೆಗರಿ ಮಾತ್ರವೂ ಅಲ್ಲ. ೧೯೮೨ರ ಗೋಕಾಕ್ ಚಳವಳಿಯಲ್ಲಿ ಡಾ. ರಾಜ್ ಊರೂರು ಸುತ್ತಿದರು, ಲಕ್ಷಾಂತರ ಜನ ಸೇರಿದರು. ಆಗ ಹಂಚಿದ ಕರಪತ್ರಗಳೆಲ್ಲಿ? ಗೋಡೆಗೆ ಅಂಟಿಸಿದ ಪೋಸ್ಟರುಗಳೆಲ್ಲಿ? ಜೈಲಿಗೆ ಹೋದ ಹುಡುಗರು ಮನೆಗೆ ಬರೆದ ಕಾಗದಗಳೆಲ್ಲಿ? ನಮ್ಮದೇ ಚಳವಳಿಯ ಪತ್ರಿಕೆಗಳ ಹಳೆಯ ಸಂಚಿಕೆಗಳು ಎಷ್ಟು ಉಳಿದಿವೆ? ನಾಳೆ ಯಾರೋ ಒಬ್ಬ ಪಂಡಿತ 'ಕನ್ನಡ ಚಳವಳಿ ಎಂದರೆ ಗೂಂಡಾಗಳ ಗಲಾಟೆ' ಎಂದು ದಪ್ಪ ಪುಸ್ತಕ ಬರೆಯುತ್ತಾನೆ. ಅವನಿಗೆ ಉತ್ತರ ಕೊಡುವ ಕಾಗದವನ್ನು ನಿಮ್ಮ ಅಮ್ಮ ರದ್ದಿಗೆ ಹಾಕಿಯಾಗಿರುತ್ತದೆ. ವಿಶ್ವವಿದ್ಯಾಲಯದ ಗ್ರಂಥಾಲಯ ಇದನ್ನೂ ಕೂಡಿಡಬೇಕು. ಕೂಡಿಡುವ ಬುದ್ಧಿ, ಹುಮ್ಮಸ್ಸು ಇರುವ ಹೊಸ ತಲೆಮಾರಿನ ದಾಖಲೆಪಾಲಕ ಅಲ್ಲಿರಬೇಕು.

ಆದ್ದರಿಂದ ನಮ್ಮ ಹಕ್ಕೊತ್ತಾಯವನ್ನು ಬಿಡಿಸಿ ಹೇಳುತ್ತೇವೆ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ೧೯೬೬ರಿಂದ ಮಾನಸಗಂಗೋತ್ರಿಯಲ್ಲಿರುವ ಕನ್ನಡ ಅಧ್ಯಯನ ಸಂಸ್ಥೆ, ೧೯೩೯ರಲ್ಲಿ ಹುಟ್ಟಿ ಈಗ ಕರ್ನಾಟಕ ವಿಶ್ವವಿದ್ಯಾಲಯದಲ್ಲಿರುವ ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಹೀಗೆ ಗರಿ ಮತ್ತು ಕಾಗದ ಇರುವ ಎಲ್ಲ ಕಡೆಯೂ, ಕೆಲಸಕ್ಕೆ ಸೇರಿ ಐದು ವರ್ಷ ಮೀರದ ಒಬ್ಬರನ್ನು ವರ್ಷಕ್ಕೊಮ್ಮೆ ಆರಿಸಲಿ. ಗುತ್ತಿಗೆಯವರಾದರೂ ಸರಿ, ಅತಿಥಿಯಾದರೂ ಸರಿ. ಎಷ್ಟು ಕಟ್ಟು ಪಟ್ಟಿ ಮಾಡಿದರು, ಯಾವುದನ್ನು ಗುರುತಿಸಿದರು, ಎಷ್ಟು ಓದುಗರಿಗೆ ನೆರವಾದರು ಎಂಬುದೇ ಅಳತೆಯಾಗಲಿ. ಜಾತಿ, ಶಿಫಾರಸು, ಕುಲಪತಿಯ ಕೃಪೆ ಅಲ್ಲಿ ಸುಳಿಯದಿರಲಿ. ಗೌರವಕ್ಕೆ ಶಾಮಶಾಸ್ತ್ರಿಗಳ ಹೆಸರಿಡಲಿ. ಆದರೆ ಶಾಲು ಹೊದಿಸಿ ಮನೆಗೆ ಕಳಿಸುವ ಗೌರವ ಬೇಡವೇ ಬೇಡ! ಗೌರವ ಪಡೆದವರ ಕೆಲಸ ಖಾಯಂ ಆಗಲಿ. ಲಿಪಿ ಕಲಿಯಲು, ಗರಿ ಜೋಪಾನ ಮಾಡುವ ವಿದ್ಯೆ ಕಲಿಯಲು ಖರ್ಚು ಕೊಡಲಿ. ಅವರು ಸಂಪಾದಿಸಿದ ಒಂದು ಕೃತಿಯನ್ನು ವಿಶ್ವವಿದ್ಯಾಲಯವೇ ಅಚ್ಚು ಹಾಕಿಸಲಿ. ಶಾಮಶಾಸ್ತ್ರಿಗಳ ಕೆಲಸವನ್ನು ಮೈಸೂರು ಸರ್ಕಾರ ೧೯೦೯ರಲ್ಲಿ ಅಚ್ಚು ಹಾಕಿಸದಿದ್ದರೆ ಲೋಕಕ್ಕೆ ಗೊತ್ತಾಗುತ್ತಿತ್ತೇ?

ರಾಜ್ಯೋತ್ಸವ ಪ್ರಶಸ್ತಿ ೧೯೬೬ರಿಂದ ನಡೆದುಬಂದಿದೆ. ಅದಕ್ಕೆ ಅರ್ಜಿ ಹಿಡಿದು ಅಲೆಯುವವರ ಸಾಲು ಎಷ್ಟುದ್ದವೆಂದು ಎಲ್ಲರಿಗೂ ಗೊತ್ತು. ಗರಿ ಓದುವವನು ಆ ಸಾಲಿನಲ್ಲಿ ನಿಲ್ಲುವುದಿಲ್ಲ. ಅವನಿಗೆ ಪುರಸೊತ್ತಿಲ್ಲ. ನಾವೇ ಅವನ ಬಳಿಗೆ ಹೋಗಬೇಕು.

ಸರ್ಕಾರಕ್ಕೆ ಹೇಳಿಯಾಯಿತು. ಇನ್ನು ನಿಮಗೆ. ಈ ತಿಂಗಳು ಒಂದು ದಿನ ಬಿಡುವು ಮಾಡಿಕೊಳ್ಳಿ. ನಿಮ್ಮ ಊರಿನ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ. ಹಸ್ತಪ್ರತಿ ವಿಭಾಗ ಎಲ್ಲಿದೆ ಎಂದು ಕೇಳಿ. ಇದ್ದರೆ ಯಾರು ನೋಡಿಕೊಳ್ಳುತ್ತಾರೆ, ಎಷ್ಟು ಹುದ್ದೆ ಮಂಜೂರಾಗಿದೆ, ಎಷ್ಟು ತುಂಬಿದೆ, ಕೊನೆಯ ಪಟ್ಟಿ ಯಾವ ವರ್ಷ ಅಚ್ಚಾಯಿತು ಎಂದು ಕೇಳಿ. ಬಾಯಲ್ಲಿ ಹೇಳದಿದ್ದರೆ ಮಾಹಿತಿ ಹಕ್ಕು ಕಾಯಿದೆ ಇದೆ, ಕನ್ನಡದಲ್ಲೇ ಅರ್ಜಿ ಹಾಕಿ. ಬಂದ ಉತ್ತರವನ್ನು ನಮಗೆ ಕಳಿಸಿ, ಅಚ್ಚು ಹಾಕುತ್ತೇವೆ. ಜಗಳಕ್ಕೆ ಹೋಗಬೇಡಿ. ಒಳಗೆ ಕೂತು ಗರಿ ಒರೆಸುತ್ತಿರುವವನು ನಿಮ್ಮ ವೈರಿಯಲ್ಲ, ನಿಮ್ಮ ಪಾಳೆಯದ ಸಿಪಾಯಿ. ಅವನ ಪಕ್ಕದಲ್ಲಿ ಅರ್ಧ ಗಂಟೆ ಕೂತು ಏನು ಓದುತ್ತಿದ್ದೀರಿ ಎಂದು ಕೇಳಿ. ಅದೂ ಒಂದು ಸನ್ಮಾನವೇ.

ಅಜ್ಜನ ಮನೆಯ ಅಟ್ಟ ಹತ್ತಿ ನೋಡಿ. ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟು ವರ್ಷಕ್ಕೊಮ್ಮೆ ಪೂಜೆ ಮಾಡಿ ಮತ್ತೆ ಅಟ್ಟಕ್ಕೆ ಏರಿಸುವ ಗರಿಗಳಿದ್ದರೆ ಗ್ರಂಥಾಲಯಕ್ಕೆ ತೋರಿಸಿ. ಚಳವಳಿಯ ಹಳೆಯ ಕರಪತ್ರ, ಪತ್ರಿಕೆಗಳಿದ್ದರೆ ರದ್ದಿಗೆ ಹಾಕಬೇಡಿ, ದಿನಾಂಕ ಬರೆದಿಡಿ. ನಿಮ್ಮ ಸಂಘದ ರಾಜ್ಯೋತ್ಸವಕ್ಕೆ ಈ ಬಾರಿ ಒಬ್ಬ ನಟ ಕಡಿಮೆಯಾದರೆ ಆಕಾಶ ಬೀಳುವುದಿಲ್ಲ. ಆ ಕುರ್ಚಿಯಲ್ಲಿ ಒಬ್ಬ ಯುವ ದಾಖಲೆಪಾಲಕಿಯನ್ನು ಕೂರಿಸಿ. ಹತ್ತು ನಿಮಿಷ ಮೈಕ್ ಕೊಡಿ. ತಾನು ಓದಿದ ಒಂದು ಗರಿಯ ಬಗ್ಗೆ ಹೇಳಲಿ. ಆರ್ಕೆಸ್ಟ್ರಾ ಆಮೇಲೆ ಶುರುವಾಗಲಿ.

ಬಾವುಟ ಹಿಡಿಯುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಗರಿ ಹಿಡಿಯುವವರು ಬೆರಳೆಣಿಕೆ. ಬಾವುಟ ಹರಿದರೆ ನಾಳೆ ಇನ್ನೊಂದು ಹೊಲಿಸಬಹುದು. ಗರಿ ಮುರಿದರೆ ಹೊಲಿಸುವ ದರ್ಜಿ ಯಾವ ಪೇಟೆಯಲ್ಲೂ ಇಲ್ಲ.

ಸಿರಿಗನ್ನಡಂ ಗೆಲ್ಗೆ!